ಮೊಮ್ಮಗಳ ಗುಂಡಿಯನ್ನು ನಾನು ಕಡೆದದ್ದು

ನಾನು ಕಲಿತದ್ದು ಮೂರನೆಯ ಇಯತ್ತೆ. ಆದರೂ ಇಂಜಿನಿಯರಿಂಗ್ ಓದುವ ಮೊಮ್ಮಗಳ ಯಂತ್ರವನ್ನು ಮೊದಲು ಪರೀಕ್ಷೆ ಮಾಡಿದವಳು ನಾನೇ! ಹೇಳದೆ ಹೋದರೆ ನನ್ನ ಹೊಟ್ಟೆ ಒಡೆದೀತು.

ದಿಲ್‌ಸುಖ್‌ನಗರದಲ್ಲಿ ಓಣಿಗೊಂದು ಕಂಪ್ಯೂಟರ್ ಕ್ಲಾಸು ಎದ್ದ ಕಾಲ; ನಾವು ಆ ತೆಲುಗು ಊರಲ್ಲೇ ಇದ್ದೆವು. ಅವಳದು ಕೊನೆಯ ವರ್ಷದ ಪ್ರಾಜೆಕ್ಟು. ಅಂಗೈಯಗಲದ ಹಲಗೆ, ಅದರ ಮೇಲೊಂದು ಚಿಪ್, ರೇಡಿಯೋಕ್ಕೆ ಇರುವಂಥ ಗುಂಡಿ. ಬಲಕ್ಕೆ ತಿರುಗಿಸಿದರೆ ಕೆಂಪು ಅಂಕಿ ಏರಬೇಕು, ಎಡಕ್ಕೆ ತಿರುಗಿಸಿದರೆ ಇಳಿಯಬೇಕು. ಮರುದಿನ ಪರೀಕ್ಷಕರ ಮುಂದೆ ಅಂಕಿ ತಪ್ಪಿದರೆ ಪ್ರಾಜೆಕ್ಟು ಫೇಲು. ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ಮೆಲ್ಲಗೆ ತಿರುಗಿಸಿ ತೋರಿಸಿದಳು. ಸರಿಯಾಗಿಯೇ ಇತ್ತು.

ಅವಳು ನೀರು ಕುಡಿಯಲು ಎದ್ದಳು. ಮಜ್ಜಿಗೆ ಕಡೆದ ಕೈ ಸುಮ್ಮನಿರುತ್ತದೆಯೇ? ಗುಂಡಿ ಹಿಡಿದು ಸರಕ್ ಸರಕ್ ಎಂದು ಬಲಕ್ಕೊಮ್ಮೆ ಎಡಕ್ಕೊಮ್ಮೆ ಕಡೆದೆ. ಹೋದಷ್ಟೇ ವಾಪಸು ಬಂದರೆ ಅಂಕಿ ಸೊನ್ನೆಗೆ ನಿಲ್ಲಬೇಕು. ನಿಂತದ್ದು ಹದಿನೇಳಕ್ಕೆ!

“ಅಜ್ಜಿ! ಏನ್ ಮಾಡಿದಿ?”

“ನಾ ಏನೂ ಮಾಡಿಲ್ಲವ್ವಾ. ನಿನ್ನ ಗುಂಡೀನ ಸುಳ್ಳ ಹೇಳಾಕತ್ತೈತಿ.”

ಅಳುಮುಖ ಮಾಡಿಕೊಂಡೇ ತಿಳಿಸಿ ಹೇಳಿದಳು. ಗುಂಡಿಯಿಂದ ಎರಡು ತಂತಿ ಬರುತ್ತವೆ. ಒಂದು ತಂತಿ ಚಿಪ್ಪಿನ ಕದ ಬಡಿಯುತ್ತದೆ. ಚಿಪ್ ಇದ್ದ ಕೆಲಸ ಬಿಟ್ಟು ಓಡಿ ಬಂದು, ಇನ್ನೊಂದು ತಂತಿಯ ಕಡೆ ನೋಡಿ ಎಡವೋ ಬಲವೋ ತಿಳಿದು, ಒಂದು ಎಣಿಸಿ ಹೋಗುತ್ತದೆ. ಇದಕ್ಕೆ ಇಂಟರಪ್ಟ್ ಎನ್ನುತ್ತಾರಂತೆ. ನಾನು ಕಡೆದ ರಭಸಕ್ಕೆ ಒಳಗಿನ ತಗಡು ಅದುರಿ, ಒಂದು ಬಡಿತ ಮೂರಾಗಿತ್ತು.

ನನಗೆ ನಗು ಬಂತು. “ಓಣಿ ಹುಡುಗ್ರು ಚಿಲಕಾ ಬಡದು ಓಡಿಹೋಗ್ತಾರ. ನಾ ಏಳ್ತೀನೇನು? ಚಿಲಕಾನೂ ಬಡೀಬೇಕು, ಅದರ ಹಿಂದ ‘ಅಕ್ಕಾರ’ ಅಂತ ದನೀನೂ ಬರಬೇಕು. ಆಗ ಬಾಗಲಾ ತಗೀತೀನಿ. ನಿನ್ನ ಚಿಪ್ ಬರೇ ಚಿಲಕಕ್ಕ ಯಾಕ ಓಡ್ತೈತಿ?”

ನನ್ನನ್ನು ಮಿಕಿಮಿಕಿ ನೋಡಿದಳು. ಕಂಪ್ಯೂಟರಿನ ಮುಂದೆ ಕೂತು, ಎರಡೂ ತಂತಿ ಒಂದರ ಹಿಂದೊಂದು ಸರದಿಯಲ್ಲಿ ಬಡಿದರಷ್ಟೇ ಎಣಿಸುವಂತೆ ತಿದ್ದಿದಳು.

“ಕಡಿ ಅಜ್ಜಿ!”

ತೋಳು ಸೋಲುವ ತನಕ ಕಡೆದೆ. ಸೊನ್ನೆ!

ಮರುದಿನ ಕಾಲೇಜಿನಿಂದ ಕುಣಿಯುತ್ತ ಬಂದಳು. ಪರೀಕ್ಷಕರು ಎರಡೇ ಬೆರಳಲ್ಲಿ ತಿರುಗಿಸಿದರಂತೆ. ಇವಳೇ ತೆಲುಗಿನಲ್ಲಿ, “ಹಂಗಲ್ಲ ಸರ್, ಮಜ್ಜಿಗಿ ಕಡದಂಗ ಕಡೀರಿ” ಎಂದಳಂತೆ. ಅವರು ಕಡೆದರು. ಅಂಕಿ ಸೊನ್ನೆಗೇ ನಿಂತಿತು. ಪಾಸು!

ಈಗ ಅವಳು ಏನು ಮಾಡಿದರೂ ಮೊದಲು ತಂದು ನನ್ನ ಮುಂದಿಡುತ್ತಾಳೆ. ಆಮೇಲೆ, ಬಾಯಾರಿಕೆ ಇರಲಿ ಬಿಡಲಿ, ನೀರು ಕುಡಿಯಲು ಎದ್ದು ಹೋಗುತ್ತಾಳೆ.