ಕೈಯಲ್ಲಿ ಲಾಳಿ, ಕಣ್ಣಿಗೆ ಕೆಂಪು-ನೀಲಿ ಕನ್ನಡಕ

ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಬೆಟಗೇರಿಯ ಓಣಿಯೊಂದರಲ್ಲಿ ಕಾಂಚನಾ ವರ್ಕ್‌ಶಾಪಿನ ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗುತ್ತಾರೆ. ಕಿಟಕಿಗೆ ಕರಿ ಕಂಬಳಿ ಎಳೆದು ಕಟ್ಟುತ್ತಾರೆ. ಪಕ್ಕದ ವೆಲ್ಡಿಂಗ್ ಅಂಗಡಿ ಎಂಟಕ್ಕೆ ತೆರೆಯುತ್ತದೆ. ಆಮೇಲೆ ಆ ಬೆಳಕು ಪರದೆಯ ಮೇಲೆ ಮಿಂಚಿ ಏನೂ ಕಾಣಗೊಡುವುದಿಲ್ಲ. ಅವರ ಕೆಲಸವೆಲ್ಲ ಈ ಎರಡು ತಾಸಿನದು.

ಕಂಪ್ಯೂಟರ್ ಹಚ್ಚಿ, ಎಡಗಣ್ಣಿಗೆ ಕೆಂಪು, ಬಲಗಣ್ಣಿಗೆ ನೀಲಿ ಹಾಳೆ ಅಂಟಿಸಿದ ರಟ್ಟಿನ ಕನ್ನಡಕ ಕಟ್ಟಿಕೊಳ್ಳುತ್ತಾರೆ. ಬರಿಗಣ್ಣಿಗೆ ಪರದೆಯಲ್ಲಿ ಕಾಣುವುದು ಒಂದಕ್ಕೊಂದು ತುಸು ಸರಿದ ಕೆಂಪು, ನೀಲಿ ಗೆರೆಗಳ ಗೋಜಲು. ಕನ್ನಡಕದೊಳಗಿಂದ ನೋಡಿದರೆ ಅದೇ ಗೋಜಲು ಎದ್ದು ಬಂದು, ಕೈ ಚಾಚಿದರೆ ಸಿಕ್ಕೀತು ಎಂಬಂತೆ ನಿಲ್ಲುತ್ತದೆ. ಒಂದು ಕಣ್ಣು ಮುಚ್ಚಿದರೆ ಮತ್ತೆ ಹಪ್ಪಳದಂತೆ ಚಪ್ಪಟೆ.

ಆದರೆ ಕಾಂಚನಾ ಅದನ್ನು ಅಷ್ಟಕ್ಕೇ ನಂಬುವವರಲ್ಲ. ಚೀಲದಿಂದ ಒಂದು ಹಳೇ ಲಾಳಿ ತೆಗೆಯುತ್ತಾರೆ, ಮಗ್ಗದಲ್ಲಿ ಅತ್ತಿಂದಿತ್ತ ಓಡುವ ದೋಣಿಯಂಥ ಕಟ್ಟಿಗೆ. ಅದೇ ಲಾಳಿಯ ಚಿತ್ರ ಪರದೆಯ ಮೇಲೂ ತೆರೆಯುತ್ತಾರೆ. ಬೆರಳು ಕೈಯಲ್ಲಿರುವ ಲಾಳಿಯ ಪೊಳ್ಳಿನಲ್ಲಿ, ಕಣ್ಣು ಪರದೆಯ ಲಾಳಿಯ ಪೊಳ್ಳಿನಲ್ಲಿ. ಎರಡೂ ತಗ್ಗೇ ಎಂದು ಖಾತ್ರಿಯಾದ ಮೇಲೆಯೇ ದಿನದ ಕೆಲಸ ಶುರು.

"ಪರದಿ ಸುಳ್ಳ ಹೇಳತೈತ್ರಿ. ಚಸ್ಮಾನೂ ಸುಳ್ಳ ಹೇಳತೈತಿ. ನನ್ನ ಕಣ್ಣಿಂದಂತೂ ಕೇಳಬ್ಯಾಡ್ರಿ," ಎನ್ನುತ್ತಾರೆ ಅವರು. "ಈ ಲಾಳಿ ಒಂದ ಸುಳ್ಳ ಹೇಳೂದಿಲ್ಲ. ನಮ್ಮ ಅತ್ತಿಯಾರು ಮೂವತ್ತ ವರ್ಷ ಒಗದಾರ ಇದನ್ನ."

ನಲವತ್ತೊಂದರ ಕಾಂಚನಾ ಈ ವರ್ಕ್‌ಶಾಪಿಗೆ ಬಂದದ್ದು ಬೋಲ್ಟು ಎಣಿಸಿ ಪ್ಯಾಕ್ ಮಾಡಲು. ಅದಕ್ಕೂ ಮೊದಲು ಮನೆಯಲ್ಲಿ ಸೀರೆ ನೇಯುತ್ತಿದ್ದರು. ಮಾಲೀಕ ವೀರೇಶ ಒಕ್ಕಲುತನದ ಯಂತ್ರಗಳ ಬಿಡಿಭಾಗ ಮಾಡಿಸುತ್ತಾರೆ. ಕಂಪ್ಯೂಟರಿನಲ್ಲಿ ಅವುಗಳ ವಿನ್ಯಾಸ ಬರೆಯುವವರು ರಘೂತ್ತಮ. ಒಂದು ದಿನ ಅವರು ಈ ಎರಡು ಕಣ್ಣಿನ ನೋಟ ಪರೀಕ್ಷಿಸುತ್ತ ಕೂತಿದ್ದರು. ಅವರಿಗೆ ತಲೆನೋವು ಬಂತು, ವೀರೇಶರಿಗೆ ತಲೆ ತಿರುಗಿತು. ಚಹಾ ಕೊಡಲು ಬಂದ ಕಾಂಚನಾ ಕನ್ನಡಕ ಹಿಡಿದು ನೋಡಿ, "ಈ ಗೆರಿ ಒಳಗ ಐತ್ರಿ, ಇದು ಹೊರಗ. ಇದ್ಯಾಕ ಇಲ್ಲಿ ತೂತು ಅರ್ಧಕ್ಕ ನಿಂತೈತಿ?" ಎಂದರು. ತೂತು ಖರೇನೇ ಅರ್ಧಕ್ಕೆ ನಿಂತಿತ್ತು.

ಅವರ ಅತ್ತೆ ಅಮೃತವ್ವನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. "ಮಗ್ಗದಾಗೂ ಹಿಂಗ ನನ್ನ ಜೀವಾ ತಿಂದಾಳ್ರಿ. ಎಳಿ ಮ್ಯಾಲ ಬರಬೇಕಿತ್ತು, ಕೆಳಗ ಹೋಗೇತಿ ಅಂತ ನೇದದ್ದನ್ನ ಬಿಚ್ಚಿಸಿದಾಕಿ ಇಕಿ. ಸ್ವಂತ ಅತ್ತಿನ್ನ ನಂಬಲಿಲ್ಲ, ಇನ್ನ ಕಂಪ್ಯೂಟರ್ ನಂಬತಾಳ?"

ಈಗ ದಿನಕ್ಕೆ ಎಂಟೋ ಹತ್ತೋ ವಿನ್ಯಾಸ ಅವರ ಕಣ್ಣ ಮುಂದೆ ಹಾಯುತ್ತವೆ. ಇಪ್ಪತ್ತು ನಿಮಿಷ ನೋಡಿದರೆ ಐದು ನಿಮಿಷ ಹೊರಗೆ ನಿಂತು ದೂರದ ಬೇವಿನ ಮರ ನೋಡಬೇಕು, ಇಲ್ಲದಿದ್ದರೆ ಹುಬ್ಬಿನ ನಡುವೆ ಹಿಡಿದುಕೊಳ್ಳುತ್ತದೆ. ಎಂಟರ ನಂತರ ಮತ್ತೆ ಬೋಲ್ಟು. ವಿನ್ಯಾಸದ ಹಾಳೆಯ ಮೂಲೆಯಲ್ಲಿ 'ಬರೆದವರು', 'ಪರೀಕ್ಷಿಸಿದವರು' ಎಂದು ಎರಡು ಚೌಕ ಇರುತ್ತವೆ. ಎರಡರಲ್ಲೂ ರಘೂತ್ತಮರ ಹೆಸರೇ.

ಅದಕ್ಕೊಂದು ಕಾರಣವೂ ಇದೆ. ಹೋದ ವರ್ಷ ಕನ್ನಡಕದ ರಟ್ಟಿನ ಕಡ್ಡಿಗಳು ಹರಿದವು. ಕಾಂಚನಾ ನೇಕಾರರ ಮನೆಯ ರೂಢಿಯಂತೆ ಮಗ್ಗದ ದಾರ ಹೊಸೆದು ಎರಡೂ ಬದಿಗೆ ಕಟ್ಟಿದರು. ಕಡ್ಡಿ ಇದ್ದಾಗ ಕನ್ನಡಕಕ್ಕೆ ಹಿಂದು ಮುಂದು ಇತ್ತು, ದಾರಕ್ಕೆ ಎಲ್ಲಿಯದು? ಮರುದಿನ ಅದನ್ನು ತಿರುವಿ ಕಟ್ಟಿಕೊಂಡರು. ಕೆಂಪು ಬಲಕ್ಕೆ ಹೋಯಿತು, ನೀಲಿ ಎಡಕ್ಕೆ ಬಂತು. ತಗ್ಗೆಲ್ಲ ಉಬ್ಬು, ಉಬ್ಬೆಲ್ಲ ತಗ್ಗು. ಸರಿಯಿದ್ದ ಪಂಪಿನ ಮುಚ್ಚಳವನ್ನು ತಪ್ಪು ಎಂದರು. ರಘೂತ್ತಮ ನಂಬಿ ತಿದ್ದಿದರು. ನಲವತ್ತು ಮುಚ್ಚಳ ಕೆಟ್ಟವು. ಅಂದಿನಿಂದ ವರ್ಕ್‌ಶಾಪಿನಲ್ಲಿ ಅವರಿಗೆ 'ಉಲ್ಟಾ ಅಕ್ಕಾರು' ಎಂಬ ಹೆಸರು. "ಇನ್ನೊಮ್ಮೆ ಹಂಗಾತಂದ್ರ ಚಸ್ಮಾ ಇಟ್ಟ ಬಿಡೂದ್ರಿ, ಅಕ್ಕಾರ" ಎಂದು ವೀರೇಶ ಆಗಲೇ ಹೇಳಿದ್ದಾರೆ. ಲಾಳಿ ಚೀಲ ಸೇರಿದ್ದು ಆಮೇಲೆ.

ಇವತ್ತಿನ ವಿನ್ಯಾಸ ಟ್ರ್ಯಾಕ್ಟರ್ ಕೂರಿಗೆಯ ಬೀಜದ ತಟ್ಟೆ. ಹಿರೇವಡ್ಡಟ್ಟಿಯ ರೈತರು ಅರವತ್ತು ತಟ್ಟೆ ಕೇಳಿದ್ದಾರೆ. ತಟ್ಟೆಯ ಅಂಚಿನ ಸುತ್ತ ಇಪ್ಪತ್ನಾಲ್ಕು ಕುಳಿ, ತಟ್ಟೆ ತಿರುಗಿದಂತೆ ಕುಳಿಗೆ ಒಂದೊಂದು ಶೇಂಗಾ ಬೀಜ ಹೊಲಕ್ಕೆ ಬೀಳಬೇಕು. ಹತ್ತು ಗಂಟೆಗೆ ಇದು ಅಚ್ಚಿಗೆ ಹೋಗಬೇಕು. ಕಾಂಚನಾ ಒಂದೊಂದೇ ಕುಳಿ ದಾಟುತ್ತಾರೆ. ಇಪ್ಪತ್ತೊಂದು ತಗ್ಗು. ಉಳಿದ ಮೂರು ತಗ್ಗಲ್ಲ, ಗುಳ್ಳೆಯಂತೆ ಉಬ್ಬಿವೆ. ಕನ್ನಡಕ ಬಿಚ್ಚುತ್ತಾರೆ, ಕಟ್ಟುತ್ತಾರೆ, ಲಾಳಿ ತೆರೆಯುತ್ತಾರೆ. ಲಾಳಿ ಸರಿ ಇದೆ. ತಟ್ಟೆ ತೆರೆಯುತ್ತಾರೆ. ಮೂರು ಉಬ್ಬು. ಬಾಯಿ ಮುಚ್ಚಿಕೊಂಡಿರಲೇ ಎಂಬ ಯೋಚನೆಯೂ ಒಂದು ಗಳಿಗೆ ಹಾಯುತ್ತದೆ.

ಏಳೂವರೆಗೆ ಬಂದ ರಘೂತ್ತಮ ನಗುತ್ತಾರೆ. "ಮತ್ತ ತಿರುವಿ ಕಟ್ಟಿಕೊಂಡೀರೇನು?"

"ಇಲ್ರಿ ಸರ, ಲಾಳಿ ನೋಡೀನ್ರಿ."

"ಲಾಳಿ ನೋಡಿದ್ರ ಬೀಜದ ತಟ್ಟಿ ತಿಳೀತದೇನು? ತಡೀರಿ, ಕೊಯ್ದ ತೋರಸ್ತೀನಿ." ಅವರು ಪರದೆಯ ಮೇಲೆ ತಟ್ಟೆಯನ್ನು ನಟ್ಟನಡುವೆ ಸೀಳುತ್ತಾರೆ. ಸೀಳಿನ ಎರಡು ತುದಿಯಲ್ಲಿ ಎರಡು ಚೊಕ್ಕ ಕುಳಿ. "ತಗ್ಗ ಅದನೋ ಇಲ್ಲೋ?"

"ಅವೆರಡೂ ತಗ್ಗ ಖರೆ. ನಾ ಹೇಳಿದ್ದು ಅವಲ್ರಿ," ಎನ್ನುತ್ತಾರೆ ಕಾಂಚನಾ. ಬಾಗಿಲಲ್ಲಿ ವೀರೇಶ ಬಂದು ನಿಂತಿರುವುದನ್ನು ಅವರು ಕಂಡಿದ್ದಾರೆ. "ಇಲ್ಲಿ ಕೊಯ್ರಿ. ತಪ್ಪಾದ್ರ ನಾನ ಚಸ್ಮಾ ಇಡತೀನಿ."

ಕಾಂಚನಾ ತೋರಿದಲ್ಲಿ ರಘೂತ್ತಮ ಸೀಳುತ್ತಾರೆ. ಗೆರೆ ಅಂಚಿಗೆ ಬಂದು ಕೆಳಗಿಳಿಯುವುದಿಲ್ಲ, ಮೇಲೇಳುತ್ತದೆ. ಪಕ್ಕದ್ದೂ ಹಾಗೆಯೇ, ಅದರ ಪಕ್ಕದ್ದೂ. ಕುಳಿಗಳನ್ನು ನಕಲು ಮಾಡಿ ಸುತ್ತ ಜೋಡಿಸುವಾಗ ಕೊನೆಯ ಮೂರು ಬೋರಲು ಬಿದ್ದಿವೆ. ಬೆಳಕು ಎದುರಿನಿಂದಲೇ ಬೀಳುವ ಚಪ್ಪಟೆ ಪರದೆಯಲ್ಲಿ ತಗ್ಗಿನ ನೆರಳೂ ಉಬ್ಬಿನ ನೆರಳೂ ಒಂದೇ ಥರ. ಹಾಗೇ ಹೋಗಿದ್ದರೆ ಹಿರೇವಡ್ಡಟ್ಟಿಯ ಹೊಲಗಳಲ್ಲಿ ಇಪ್ಪತ್ತೊಂದು ಬೀಜ ಬಿದ್ದಲ್ಲೆಲ್ಲ ಮುಂದೆ ಮೂರು ಬೀಜದ ಜಾಗ ಖಾಲಿ.

ರಘೂತ್ತಮ ಅರ್ಧ ತಾಸು ಕೂತು ಮೂರನ್ನೂ ತಿದ್ದುತ್ತಾರೆ. ಅಷ್ಟರಲ್ಲಿ ಎಂಟು ಹೊಡೆದು, ಪಕ್ಕದಲ್ಲಿ ವೆಲ್ಡಿಂಗ್ ಚರಚರ ಎನ್ನತೊಡಗಿದೆ. ಕಂಬಳಿಯ ಸಂದಿನಿಂದ ಬೆಳಕು ಪರದೆಯ ಮೇಲೆ ಕುಣಿಯುತ್ತಿದೆ.

"ರಘೂತ್ತಮ ಅವರ, ಪರೀಕ್ಷಿಸಿದವರು ಅಂತ ಅಲ್ಲಿ ಅಕ್ಕಾರ ಹೆಸರ ಹಾಕ್ರಿ," ಎನ್ನುತ್ತಾರೆ ವೀರೇಶ.

ರಘೂತ್ತಮ ತಮ್ಮ ಹೆಸರು ಅಳಿಸುತ್ತಾರೆ. ಚೌಕ ಖಾಲಿಯಾಗುತ್ತದೆ. ಹೋದ ವರ್ಷದಿಂದ ಕಾಂಚನಾ ಮನಸ್ಸಿನಲ್ಲೇ ತುಂಬಿಸಿ ನೋಡಿಕೊಂಡ ಚೌಕ ಅದು. ಅವರು ಲಾಳಿಯನ್ನು ಸೆರಗಿನಲ್ಲಿ ಒರೆಸುತ್ತ ಅದನ್ನೇ ನೋಡುತ್ತಾರೆ.

"ತಡೀರಿ ಸರ, ಹಾಕಬ್ಯಾಡ್ರಿ. ನೀವು ಈಗ ತಿದ್ದಿದ್ದನ್ನ ನಾ ಇನ್ನೂ ನೋಡಿಲ್ಲ."

"ಅಯ್ಯ, ಹತ್ತಕ್ಕ ಕಳಸಬೇಕ್ರೀ ಅದನ್ನ!" ವೀರೇಶ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ.

"ನಾಳೆ ಕಳಸ್ರಿ. ಮುಂಜಾನೆ ಆರಕ್ಕ ಬಂದ ನೋಡತೀನಿ," ಎನ್ನುತ್ತ ಕಾಂಚನಾ ಲಾಳಿಯನ್ನು ಚೀಲಕ್ಕೆ ಹಾಕಿ ಬೋಲ್ಟಿನ ಡಬ್ಬಿಯ ಕಡೆ ನಡೆಯುತ್ತಾರೆ. "ಹೆಸರ ಆಮ್ಯಾಲ ಹಾಕ್ರಿ. ನನ್ನ ಹೆಸರ ಅದು, ನೋಡದ ಹೆಂಗ ಹಾಕಸಲಿ?"