ಹೆತ್ತದ್ದು ನೆನಪಿಲ್ಲದವಳು

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹೊಳೆನರಸೀಪುರದ ಒಂದು ಸಣ್ಣ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ನಾನೊಬ್ಬಳೇ ನರ್ಸು. ಆರು ಮಂಚ, ಒಬ್ಬಳು ಆಯಾ, ಒಬ್ಬರು ಡಾಕ್ಟರು. ಆ ವಾರ ಒಂದರ ಹಿಂದೊಂದು ನಾಲ್ಕು ಹೆರಿಗೆಯಾಗಿ ನನ್ನ ಸೊಂಟ ಬಿದ್ದುಹೋಗಿತ್ತು. ಬೆಳಿಗ್ಗೆ ಹತ್ತು ಗಂಟೆ. ಮನೆಗೆ ಹೋಗಿ ಎರಡು ಚೊಂಬು ನೀರು ಹುಯ್ದುಕೊಂಡು ಮಲಗೋಣ ಎಂದು ಹೊರಟವಳ ಎದುರಿಗೇ ಎತ್ತಿನ ಗಾಡಿ ಬಂದು ನಿಂತಿತು.

ಗಾಡಿಯಲ್ಲಿದ್ದವಳು ಹತ್ತೊಂಬತ್ತರ ಚೊಚ್ಚಲ ಬಸುರಿ. ಮುಖ ಊದಿ ಕಣ್ಣು ಸಣ್ಣದಾಗಿತ್ತು, ಕಾಲುಂಗುರ ಮಾಂಸದೊಳಗೆ ಹೂತಿತ್ತು. ಎಚ್ಚರವಿರಲಿಲ್ಲ. ಜೊತೆಗೆ ಬಂದಿದ್ದ ಅತ್ತೆ ಒಂದೇ ಉಸಿರಿಗೆ ಹೇಳಿದಳು: “ನೆನ್ನೆಯಿಂದ ತಲೆನೋವು, ಕಣ್ಣು ಮಂಜಾಯ್ತೈತೆ ಅಂತಿದ್ಲು ಕಣವ್ವ. ಬೆಳಿಗ್ಗೆ ಕೈಕಾಲು ಸೆಟ್ಕಂಡು ಬಾಯಲ್ಲಿ ನೊರೆ ಬಂದ್ಬುಡ್ತು. ಗಾಳಿ ಮೆಟ್ಕಂಡೈತೆ ಅಂತ ಇಬೂತಿ ಹಾಕ್ಸಿದ್ವಿ.”

“ಗಾಳಿಯಲ್ಲಮ್ಮ, ಬಸಿರಿನ ನಂಜು ಇದು,” ಎಂದೆ.

ಹಾಸನಕ್ಕೆ ಕಳಿಸಿದರೆ ದಾರಿಯ ಕುಲುಕಾಟಕ್ಕೇ ಮತ್ತೆ ಸೆಳವು ಬರುತ್ತದೆ ಎಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟು, ಬೆಳಕು ಬೀಳದ ಹಾಗೆ, ಸದ್ದಾಗದ ಹಾಗೆ ನೋಡಿಕೊಳ್ಳಲು ಹೇಳಿದರು. ಮೂಲೆಯ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಚಮಚಕ್ಕೆ ಬಟ್ಟೆ ಸುತ್ತಿ ಅವಳ ಹಲ್ಲಿನ ನಡುವೆ ಇಡಲು ಸಿದ್ಧವಾಗಿಟ್ಟುಕೊಂಡು ಕುಳಿತೆ. ರಸ್ತೆಯಲ್ಲಿ ಎತ್ತಿನ ಗಂಟೆ ಕೇಳಿದರೂ ಅವಳ ಮೈ ಅದುರುತ್ತಿತ್ತು. ಅದನ್ನು ಕಂಡ ಅತ್ತೆ ಬಿಸಿಲಲ್ಲಿ ರಸ್ತೆಗೆ ಹೋಗಿ ನಿಂತಳು. “ಗಂಟೆ ಬಿಚ್ಕಂಡು ಓಗ್ರಪ್ಪ, ನನ್ನ ಸೊಸೆ ಸಾಯ್ತಾವ್ಳೆ,” ಎಂದು ಒಂದೊಂದೇ ಗಾಡಿಗೆ ಕೈಮುಗಿಯುತ್ತಿದ್ದಳು.

ಇನ್ನೂ ಎರಡು ಸಲ ಸೆಳವು ಬಂತು. ಹೊತ್ತು ಇಳಿಯುವಾಗ, ಅವಳಿಗೆ ಎಚ್ಚರವೇ ಇಲ್ಲದೆ ಹೆರಿಗೆಯಾಯಿತು. ದಿನ ತುಂಬದ ಹೆಣ್ಣುಕೂಸು, ಅಂಗೈ ಮೇಲಿಟ್ಟರೆ ಮೊಣಕೈವರೆಗೂ ಇರಲಿಲ್ಲ. ಬಾಯಿ ಒರೆಸಿ ಬೆನ್ನುಜ್ಜಿದ ಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಲ ಕುಂಯ್‌ಗುಟ್ಟಿತು. ಹತ್ತಿಯಲ್ಲಿ ಸುತ್ತಿ, ಅಕ್ಕಪಕ್ಕ ಬಿಸಿನೀರಿನ ಬಾಟಲಿ ಇಟ್ಟೆ. ವಾರ್ಡಿನ ಇನ್ನೊಬ್ಬ ಬಾಣಂತಿ ಹಿಂಡಿಕೊಟ್ಟ ಹಾಲನ್ನು ಶಾಯಿ ತುಂಬುವಂಥ ಹೊಸ ಫಿಲ್ಲರಿನಲ್ಲಿ ಹನಿಹನಿಯಾಗಿ ಬಿಟ್ಟೆ.

ತಾಯಿ ಎರಡು ದಿನ ಕಣ್ಣು ಬಿಡಲಿಲ್ಲ. ಆಚೆ ತಾಯಿ, ಈಚೆ ಕೂಸು. ಗೋಡೆಗೆ ಒರಗಿ ನಿಂತೇ ತೂಕಡಿಸಿದೆ. ಇವರಿಬ್ಬರದೂ ಏನಾಗಬೇಕೋ ಬೇಗ ಆಗಿಬಿಡಲಿ, ನಾನು ಮಲಗಬೇಕು ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಮೂರನೆಯ ದಿನ ಅವಳಿಗೆ ಎಚ್ಚರವಾಯಿತು. ಕೂಸನ್ನು ಅವಳ ಪಕ್ಕಕ್ಕೆ ಇಟ್ಟೆ.

“ಯಾರದಕ್ಕ ಇದು?”

“ನಿನ್ನದೇ ಕಣಮ್ಮ.”

ಹೊಟ್ಟೆ ಮುಟ್ಟಿ ನೋಡಿಕೊಂಡು ಬೆದರಿದಳು. “ನಂಗಿನ್ನೂ ಒಂದೂವರೆ ತಿಂಗ್ಳೈತೆ. ನಾನು ಹೆತ್ತಿಲ್ಲ. ನನ್ನ ಕೂಸನ್ನ ಏನ್ ಮಾಡುದ್ರಿ?”

ಅತ್ತೆ ಬೈದಳು, ಅತ್ತಳು, ಆಣೆ ಇಟ್ಟಳು. ಸೊಸೆ ಗೋಡೆಯ ಕಡೆ ತಿರುಗಿದವಳು ಮತ್ತೆ ಇತ್ತ ತಿರುಗಲೇ ಇಲ್ಲ. ಮಾರನೆಯ ಮಧ್ಯಾಹ್ನ ನನ್ನ ತಾಳ್ಮೆ ಕೆಟ್ಟಿತು. “ಇದನ್ನ ಉಳಿಸೋಕೆ ನಾನು ಕಣ್ಣು ಮುಚ್ಚಿಲ್ಲ, ನೀನು ಮುಖ ಕೂಡ ನೋಡಲ್ವಲ್ಲೇ!” ಎಂದು ವಾರ್ಡೆಲ್ಲ ಕೇಳುವಂತೆ ಕಿರುಚಿದೆ. ಅವಳು ಬಿಕ್ಕಿದಳು. ನಾಚಿಕೆಯಾಗಿ ಮಂಚದ ಅಂಚಿನಲ್ಲಿ ಕುಳಿತೆ. ಗಾಡಿ ಬಂದಲ್ಲಿಂದ ಹಿಡಿದು ಕೂಸು ಕುಂಯ್‌ಗುಟ್ಟುವವರೆಗೆ, ಒಂದನ್ನೂ ಬಿಡದೆ ಹೇಳಿದೆ.

ಇತ್ತ ತಿರುಗಿ ಕೇಳಿದಳು: “ನಾನು ಕೂಗ್ಕಂಡ್ನಾ?”

“ಇಲ್ಲ. ನಿನಗೆ ಎಚ್ಚರವೇ ಇರಲಿಲ್ಲ.”

“ನಂದೋ ಅಲ್ವೋ ನಂಗೊತ್ತಿಲ್ಲ ಕಣಕ್ಕ. ಅಸ್ಕಂಡೈತೆ, ಕೊಡಿ ಇತ್ಲಾಗೆ.”

ಕೂಸಿಗೆ ಚೀಪುವ ಶಕ್ತಿ ಇರಲಿಲ್ಲ. ಅವಳೇ ಹಾಲು ಹಿಂಡಿ ಫಿಲ್ಲರಿನಲ್ಲಿ ಬಿಡುವುದನ್ನು ಕಲಿತಳು. ಮೂರು ವಾರದ ಮೇಲೆ ಮನೆಗೆ ಹೊರಟಾಗಲೂ, ಯಾರೋ ನೋಡಿಕೊಳ್ಳಲು ಕೊಟ್ಟ ಮಗುವನ್ನು ಎತ್ತಿಕೊಂಡವಳಂತಿದ್ದಳು.

ಎರಡು ವರ್ಷದ ನಂತರ ಮತ್ತೆ ಬಸುರಿಯಾಗಿ, ಆ ಹುಡುಗಿಯನ್ನು ಕಂಕುಳಲ್ಲಿಟ್ಟುಕೊಂಡು ಅತ್ತೆಯೊಂದಿಗೆ ಬಂದಳು. “ನಿನ್ನ ಮಗಳೇ ಅಂತ ಯಾವಾಗ ನಂಬಿಕೆ ಬಂತು?” ಎಂದೆ.

“ಅದ್ಯಾವತ್ತು ಅಂತ ಗೊತ್ತಿಲ್ಲಕ್ಕ. ನಂಬಿರ್ಲಿಲ್ಲ ಅನ್ನೋದೇ ನೀವು ಕೇಳುದ್ಮೇಲೆ ನೆಪ್ಪಾಯ್ತು.”

ಅವಳ ಪಾದ ಒತ್ತಿ ನೋಡಿದೆ. ಬೆರಳಿಟ್ಟ ಕಡೆ ಗುಳಿ ಬಿದ್ದು ಹಾಗೇ ನಿಂತಿತು; ಮತ್ತೆ ಅದೇ ನಂಜಿನ ಊತ. ಅವತ್ತಿನ ಬಸ್ಸಿಗೇ ಅತ್ತೆಯ ಜೊತೆ ಹಾಸನದ ದೊಡ್ಡಾಸ್ಪತ್ರೆಗೆ ಕಳಿಸಿದೆ. ಗಂಡು ಮಗುವಾಯಿತು, ಇಬ್ಬರೂ ಚೆನ್ನಾಗಿದ್ದಾರೆ ಎಂದು ಅತ್ತೆ ಯಾರದೋ ಕೈಯಲ್ಲಿ ಹೇಳಿಕಳಿಸಿದಳು. ಬಾಗಿಲಾಚೆಯಿಂದ ಅವನು ಕೂಗಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆಗ ಇನ್ನೊಂದು ಹೆರಿಗೆ ನಡೆಯುತ್ತಿತ್ತು. ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಆತ ಹೊರಟುಹೋಗಿದ್ದ.