ತೂತು ಮುಚ್ಚಿದ ಮಿಸ್ತ್ರಿ

ಅಕ್ಕಿಆಲೂರಿನ ರೈಸ್ ಮಿಲ್ಲಿನಾಗ ಮಿಸ್ತ್ರಿ ಕರಬಸಪ್ಪ ಇದ್ದಾನಂದ್ರ ಗಾಳಿನೂ ಅವನ ಅಪ್ಪಣಿ ಕೇಳಿ ಹೊರಗ ಹೋಗಬೇಕು. ಯಾವ ಪೈಪಿನಾಗ ಸುಂಯ್ ಅಂತ ಸಪ್ಪಳಾತೋ, ಅಲ್ಲಿ ಬಟ್ಟಿ ಸುತ್ತಿ, ಅಂಟು ಹಚ್ಚಿ ಬಂದ್ ಮಾಡಿಬಿಡಾಂವ. ಮೂವತ್ತು ವರ್ಷದಿಂದ ಇದ ಕೆಲಸ. ಚಟ ಅಂದ್ರ ಒಂದ, ದಿನಾ ಹತ್ತು ಸಿಗರೇಟು.

ಹೋದ ವರ್ಷ ಸುಗ್ಗಿಯೊಳಗ ಬೆಲ್ಟ್ ನೋಡಾಕಂತ ಕಬ್ಬಿಣದ ಏಣಿ ಏರಿದಾಂವ ನಡುವ ನಿಂತುಬಿಟ್ಟ. ದಮ್ಮು ಹತ್ತಿ ಮ್ಯಾಲ ಹೋಗಾಕೂ ಆಗವಲ್ದು, ಕೆಳಗ ಬರಾಕೂ ಆಗವಲ್ದು. ನಾಕು ಮಂದಿ ಸೇರಿ ಇಳಿಸಿಕೊಂಡರು. ಸಾವ್ಕಾರ್ರು, "ಕರಬಸಪ್ಪಾ, ಏಣಿ ಹತ್ತಾಕ ಆಗಲಿಲ್ಲಂದ್ರ ಬ್ಯಾರೆ ಮಿಸ್ತ್ರಿನ್ನ ನೋಡಬೇಕಾಕ್ಕೈತಿ" ಅಂದ್ರು. ಮಿಲ್ಲು ಬಿಟ್ರ ತಾನ್ಯಾರು? ಆ ಮಾತು ಅವನ ಎದಿಗೆ ನಟ್ಟಿತು.

ಸಿಗರೇಟು ಬಿಡಬೇಕಂತ ಮಾಡಿದ. ಬಿಡೂದು ಅಷ್ಟು ಸಸಾರ ಎಲ್ಲೈತಿ? ಪಾನಂಗಡಿ ಬಿಲಾಲ ಒಂದು ಬಿಳೀ ಪಾಕೀಟು ತೆಗೆದುಕೊಟ್ಟು, "ಇದು ಲೈಟ್ ಐತ್ರಿ ಕಾಕಾ. ಟಾರ್ ಕಮ್ಮಿ, ನಿಕೋಟಿನ್ನೂ ಕಮ್ಮಿ" ಅಂದ. ಪಾಪ, ಅವಗ ಮಾಲು ಕೊಟ್ಟ ಕಂಪನಿಯವ್ರೂ ಹಂಗ ಹೇಳಿದ್ರು. ಕರಬಸಪ್ಪ ಸೇದಿ ನೋಡ್ತಾನ, ಉಪ್ಪಿಲ್ಲದ ಸಾರಿನಂಗ ಸಪ್ಪಂದ ಸಪ್ಪ! ಬೆಳಕಿಗೆ ಹಿಡಿದ. ಫಿಲ್ಟರಿನ ಸುತ್ತ ಸೂಜಿ ಚುಚ್ಚಿದಂಗ ಸಣ್ಣ ತೂತಿನ ಸಾಲು.

"ಎಲಾ ಇವ್ರ! ಗಾಳಿ ಸೋರೂ ಮಾಲು ಮಾರಾಕತ್ತಾರಲ್ಲ" ಅಂದಾಂವನ, ಅನ್ನದ ಅಗಳು ಅರದು, ತೆಳ್ಳನ ಹಾಳಿ ಸುತ್ತಿ, ಪಾಕೀಟಿನಾಗಿನ ಅಷ್ಟೂ ಸಿಗರೇಟಿನ ತೂತು ಮುಚ್ಚಿದ. ಹೆಂಡ್ತಿ ವೀರವ್ವ ನೋಡಿ, "ಏನ್ರಿ ಇದು, ಸಿಗರೇಟಿಗೆ ಪಂಚರ್ ತಿದ್ದಾಕತ್ತೀರೇನು?" ಅಂತ ನಕ್ಕಳು.

ಲೈಟ್ ಅನ್ನೂ ಧೈರ್ಯದ ಮ್ಯಾಲ ಹತ್ತು ಇದ್ದದ್ದು ಹದಿನೆಂಟಾತು. ದಮ್ಮು ಕಮ್ಮಿ ಆಗೂದು ಒತ್ತಟ್ಟಿಗಿರಲಿ, ಅಂಗಳ ದಾಟೂದ್ರಾಗ ಕುಂದರೂ ಹಂಗಾತು. ಈಗ ವೀರವ್ವ ನಗಲಿಲ್ಲ. ರಟ್ಟಿ ಹಿಡಿದು ಹಾನಗಲ್ಲಿನ ದವಾಖಾನಿಗೆ ಕರಕೊಂಡು ಹೋದಳು.

ಅಲ್ಲಿ ತಂಬಾಕಿನ ಚಟ ಬಿಡಿಸಾಕಂತ ತಸ್ಲೀಮಾ ಅನ್ನೂ ಹೆಣ್ಣಮಗಳು ಇದ್ದಳು. ಅಂಟು ಹಚ್ಚಿದ ಸಿಗರೇಟು ನೋಡಿ ಮೊದಲು ಆಕೀಗೂ ನಗಿ ಬಂತು. ಆಮ್ಯಾಲ ತಡಕೊಂಡು ಹೇಳಿದಳು: "ಕಾಕಾರ, ಅದು ಸೋರಿಕಿ ಅಲ್ರಿ. ಆ ತೂತಿನಿಂದ ಗಾಳಿ ಕೂಡಿ ಹೊಗಿ ತೆಳ್ಳಗಾಕ್ಕೈತಿ. ಮಷೀನಿಗೆ ಹಚ್ಚಿ ಅಳದ್ರ ಟಾರ್ ಕಮ್ಮಿ ಬರತೈತಿ. ಮಷೀನಿಗೇನು ಚಟ ಐತೇನ್ರಿ? ಮನಷ್ಯಾಗ ನಿಕೋಟಿನ್ ಸಾಲದಿದ್ರ ಜೋರಾಗಿ ಎಳೀತಾನ, ಮತ್ತೊಂದು ಹಚ್ಚತಾನ. ನೀವು ಅಂಟಿನಿಂದ ಮುಚ್ಚೀರಿ, ಉಳದವ್ರು ಗೊತ್ತಿಲ್ಲದನ ಬೆರಳಿನಿಂದ, ತುಟಿಯಿಂದ ಮುಚ್ಚತಾರ. ಲೈಟ್ ಅಂದ್ರೂ ಎದಿಗೆ ಹೋಗೂದು ಅದ ವಿಷ ರೀ."

ಕರಬಸಪ್ಪಗ ಭೂಮಿ ಬಾಯಿ ಬಿಟ್ಟು ನುಂಗಬಾರದೇನು ಅನಿಸಿತು. ಆದ್ರ ಆಕಿ ಬೈಲಿಲ್ಲ. ಜಗಿಯಾಕ ನಿಕೋಟಿನ್ ಗಮ್ ಕೊಟ್ಟಳು, ಸೋಮವಾರಕ್ಕೊಮ್ಮೆ ಫೋನ್ ಮಾಡಿದಳು. ಎರಡು ಸಲ ಮನಸು ಜಾರಿ ಸಿಗರೇಟು ಸೇದಿ, "ಇಲ್ರಿ, ಮುಟ್ಟಿಲ್ರಿ" ಅಂತ ಸುಳ್ಳು ಹೇಳಿದ. "ನೀವು ಸುಳ್ಳು ಹೇಳಿದ್ರೂ ನಾ ಫೋನ್ ಮಾಡೂದು ಬಿಡೂದಿಲ್ರಿ" ಅಂದಳು. ಹೊಟ್ಟ್ಯಾಗ ಹುಟ್ಟಿದ ಮಕ್ಕಳೂ ಇಷ್ಟು ಮಾಡೂದಿಲ್ಲಂತ ಅವಂಗ ಕಣ್ಣು ತುಂಬಿ ಬಂತು. ಮೂರನೇ ಸಲ ಜಾರಲಿಲ್ಲ. ಹಂಗ ಏಳು ತಿಂಗಳಾತು.

ಮೊನ್ನೆ ಸಾವ್ಕಾರ್ರು ನೋಡಾಕತ್ತಿದ್ದಂಗ ಏಣಿ ಏರಿದ. ನಡುವ ಎರಡು ಸಲ ನಿಂತ, ಖರೆ, ಆದ್ರ ಏರಿದ. ಬೆಲ್ಟ್ ಬಿಗಿ ಮಾಡಿ ಅಲ್ಲಿಂದನ ತಸ್ಲೀಮಾಗ ಫೋನ್ ಹಚ್ಚಿದ.

"ಬಾಯಾರ, ಮಿಲ್ಲಿನ ತುದಿಮ್ಯಾಲಿಂದ ಮಾತಾಡಾಕತ್ತೇನ್ರಿ. ನಿಮ್ಮ ಉಪಕಾರ ಸಾಯೂತನ ಮರಿಯೂದಿಲ್ರಿ. ಆದ್ರ ನನ್ನಂಥವನ ಬೆನ್ನು ಇಷ್ಟ್ಯಾಕ ಹತ್ತಿದ್ರಿ?"

ಆಕಿ ತನ್ನ ಅಪ್ಪನ ಮಾತು ತಗದಳು: "ನಮ್ಮ ಅಬ್ಬಾನೂ ಲೈಟ್ ಅಂತನ ಸೇದಿ ಸೇದಿ ತೀರಿಕೊಂಡ್ರು, ಕಾಕಾರ. ಅವರಿಗೆ ಹೇಳವ್ರು ಯಾರೂ ಇರಲಿಲ್ರಿ."

ಕರಬಸಪ್ಪ ಒಂದು ಕೈಲೆ ಏಣಿ ಹಿಡಿದಿದ್ದ, ಇನ್ನೊಂದರಾಗ ಫೋನಿತ್ತು, ಕೈ ಮುಗಿಯಾಕ ಬರಲಿಲ್ಲ. ತಲಿ ಬಗ್ಗಿಸಿ, "ನಿಮ್ಮ ಅಬ್ಬಾಗೂ ಶರಣ್ರಿ" ಅಂದ.